ಸ್ವಿಚ್ಚಿನಿಂದ ಕರೆಯುವ ಮನೆ

ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಬೋರ್ಡಿನ ತಿರುಪು ಸಡಿಲವಾಗಿ ಒಳಗೇ ಕಿಡಿ ಹಾರಬಹುದಿತ್ತು. ಗೋಡೆಯೊಳಗಿನ ಮುದಿ ವೈರು ಕೈ ಹಾಕಿದಲ್ಲೇ ತುಂಡಾಗಿ ಅರ್ಧ ಮನೆ ಕತ್ತಲಾಗಬಹುದಿತ್ತು. ವೈ-ಫೈ ಹೋಗಬಹುದಿತ್ತು, ವೈ-ಫೈ ಇದ್ದೂ ಯಾವುದೋ ದೇಶದ ಸರ್ವರ್ ಮಲಗಿಬಿಡಬಹುದಿತ್ತು. ಕುಕ್ಕರಿನ ಸೀಟಿಯನ್ನು ಯಂತ್ರ ಮಗುವಿನ ಅಳು ಎಂದುಕೊಳ್ಳಬಹುದಿತ್ತು, ಅಳುವನ್ನು ಸೀಟಿ ಎಂದುಕೊಂಡು ಸುಮ್ಮನಿರಬಹುದಿತ್ತು. ಮೇಲಿನ ಮನೆಯ ಬಚ್ಚಲಿನ ನೀರು ಸೀಲಿಂಗಿನಿಂದ ಇಳಿದು ಹೋಲ್ಡರಿಗೆ ಸೇರಬಹುದಿತ್ತು. ಇಲಿ ವೈರು ಕಡಿಯಬಹುದಿತ್ತು. ಡ್ರಿಲ್ಲಿನ ಧೂಳು ಕೂಸಿನ ಮೂಗಿಗೆ ಹೋಗಬಹುದಿತ್ತು. ಸ್ಟೂಲಿನ ಮೇಲಿಂದ ನಾನೇ ಬಿದ್ದು, ಮೊದಲೇ ತಕರಾರು ಮಾಡುವ ನನ್ನ ಸೊಂಟ ಕೈಕೊಟ್ಟು, ಅರ್ಧ ಬಿಚ್ಚಿದ ಬೋರ್ಡು ಹಾಗೇ ನೇತಾಡಬಹುದಿತ್ತು. ಇದೊಂದೂ ಆಗದೆ, ಎಲ್ಲ ಸರಿಯಾಗಿದ್ದೂ, ಒಂದು ಮಧ್ಯಾಹ್ನ ಮಗು ಒಳಗೆ ಅಳುತ್ತಲೇ ಇದ್ದು, ಅದರ ತಾಯಿ ಗೋಡೆಯ ಆಚೆ ಬೆನ್ನು ತಿರುಗಿಸಿ ನಿಂತು ಮೆಂತ್ಯ ಸೊಪ್ಪು ಬಿಡಿಸುತ್ತಿರಬಹುದಿತ್ತು.

ಈ ಕೊನೆಯದು ಆಗದಂತೆ ನೋಡಿಕೊಳ್ಳುವುದೇ ನನಗೆ ಒಪ್ಪಿಸಿದ ಕೆಲಸ.

ಮುಂಬಯಿ ಪಕ್ಕದ ಠಾಣೆ ಪೂರ್ವದ ಕೋಪರಿಯಲ್ಲಿ, ರೈಲು ಹಳಿಗೆ ಬೆನ್ನು ಕೊಟ್ಟು ನಿಂತ ಹಳೆಯ ಕಟ್ಟಡದ ನೆಲಮಹಡಿಯ ಮನೆ ಅದು. ಹಾಲು, ಅಡುಗೆಮನೆ, ಒಂದು ಬೆಡ್‌ರೂಮು. ಎದುರಿನ ಕಟ್ಟಡ ಕೈಗೆಟುಕುವಷ್ಟು ಹತ್ತಿರವಿರುವುದರಿಂದ ಒಳಗೆ ಹಗಲಲ್ಲೂ ದೀಪ ಬೇಕು. ಗಂಡ ಹೆಂಡತಿ ಇಬ್ಬರಿಗೂ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಗಂಡ ಘಣಸೋಲಿಯ ಹೋಟೆಲೊಂದರಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವವರು. ಹೆಂಡತಿ ರಬಾಳೆಯ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಬಿಸ್ಕತ್ತು, ಸೋಪಿನ ಪ್ಯಾಕೆಟ್ಟುಗಳ ಮೇಲಿನ ಚಿತ್ರ ಜೋಡಿಸುವವರು. ಆಗ ಹೆರಿಗೆ ರಜೆಯಲ್ಲಿದ್ದರು. ಮಗುವಿಗೆ ಐದು ತಿಂಗಳು. ಅದಕ್ಕೆ ಚೆನ್ನಾಗಿ ಕೇಳಿಸುತ್ತದೆ, ಅದಕ್ಕಿಂತ ಚೆನ್ನಾಗಿ ಅಳಲು ಬರುತ್ತದೆ. ಇವರ ಮಧ್ಯೆ ಕೇಳುವ ಕಿವಿಯಿದ್ದ ದೊಡ್ಡವರೆಂದರೆ ಗಂಡನ ತಾಯಿ ಒಬ್ಬರೇ. ಅವರು ಉಡುಪಿ ಕಡೆಯವರು. ಊರಲ್ಲಿ ಅವರ ಮಗಳಿಗೆ ಹೆರಿಗೆ ಹತ್ತಿರವಾಗಿತ್ತು. ಬಾಣಂತನಕ್ಕೆಂದು ಮೂರು ತಿಂಗಳು ಹೋಗಲೇಬೇಕಿತ್ತು. ಗಾಡಿಯ ಟಿಕೆಟ್ಟೂ ಆಗಿತ್ತು.

"ನೋಡಿ ಇಂಜಿನಿಯರ್ರೆ, ನಂಗೆ ಬಣ್ಣ ಬಣ್ಣದ ಆಟ ಎಲ್ಲ ಬೇಡ" ಎಂದರು ಮೊದಲ ದಿನವೇ. "ನಾನು ಗಾಡಿ ಹತ್ತಿದ ಮೇಲೆ ಈ ಮನೆಯಲ್ಲಿ ಅಳು ಕೇಳುವವರು ಯಾರೂ ಇಲ್ಲ. ವಿಷಯ ಅಷ್ಟೇ."

"ಚಿಂತಿ ಮಾಡಬ್ಯಾಡ್ರಿ ಅಮ್ಮಾ" ಎಂದೆ. ಈ ಮಾತನ್ನು ನಾನು ಯಾರಿಗಾದರೂ ಹೇಳಿದೆನೆಂದು ಕೇಳಿದರೆ ನನ್ನ ಹೆಂಡತಿ ಊಟ ಬಿಟ್ಟು ನಗುತ್ತಾಳೆ. ಡೊಂಬಿವಿಲಿಯ ನಮ್ಮ ಮನೆಗೆ ಬೀಗ ಹಾಕಿ, ಸ್ಟೇಷನ್ನಿನವರೆಗೆ ಹೋಗಿ, ಬೀಗ ಹಾಕಿದೆನೋ ಇಲ್ಲವೋ ಎಂದು ಮರಳಿ ಬರುವ ಮನುಷ್ಯ ನಾನು.

ಮಣಿಕಟ್ಟಿಗೆ ಕಟ್ಟಿಕೊಳ್ಳುವ, ಮಗು ಅತ್ತರೆ ನಡುಗುವ ಒಂದು ಪಟ್ಟಿ ಅವರ ಬಳಿ ಆಗಲೇ ಇತ್ತು. ಸ್ನಾನಕ್ಕೆ ಹೋದರೆ ಅದನ್ನು ತೆಗೆದಿಡಬೇಕು, ಹಿಟ್ಟು ಕಲಸುವಾಗ ತೆಗೆದಿಡಬೇಕು, ಚಾರ್ಜಿಗೆ ತೆಗೆದಿಡಬೇಕು. ತೆಗೆದಿಟ್ಟದ್ದನ್ನು ಮತ್ತೆ ಕಟ್ಟಿಕೊಳ್ಳುವುದು ನೆನಪಿರಬೇಕು. ರಾತ್ರಿಯ ಚಿಂತೆ ಇರಲಿಲ್ಲ. ಕೂಸು ಮಲಗುವ ಜೋಲಿಯ ಹಗ್ಗವನ್ನು ತಾಯಿ ಕೈಗೆ ಸುತ್ತಿಕೊಂಡೇ ಮಲಗುತ್ತಿದ್ದರು. ತೊಂದರೆಯೆಲ್ಲ ಹಗಲಿನದು. ಗಂಡ ಕೆಲಸಕ್ಕೆ ಹೋದ ಮೇಲೆ, ತಾಯಿ ಅಡುಗೆಮನೆಯಲ್ಲೋ ಬಚ್ಚಲಲ್ಲೋ ಇದ್ದಾಗ, ಮಗು ಅತ್ತರೆ ಮನೆಯ ದೀಪಗಳು ಆ ಸುದ್ದಿ ತಲುಪಿಸಬೇಕು. ಬಾಗಿಲ ಬೆಲ್ಲು ಒತ್ತಿದರೂ ಅಷ್ಟೇ.

ಮನೆಗಳಿಗೆ ಸ್ಮಾರ್ಟ್ ದೀಪ ಜೋಡಿಸಿಕೊಡುವ ನನ್ನ ಕೆಲಸದಲ್ಲಿ ದಿನಾ ಎದುರಾಗುವ ಪ್ರಶ್ನೆ ಒಂದೇ: ಬಲ್ಬು ಬದಲಾಯಿಸುವುದೋ, ಸ್ವಿಚ್ಚು ಬದಲಾಯಿಸುವುದೋ. ಸ್ಮಾರ್ಟ್ ಬಲ್ಬಾದರೆ ಹಳೆಯದನ್ನು ತಿರುಗಿಸಿ ತೆಗೆದು ಹೊಸದನ್ನು ಕೂರಿಸಿದರೆ ಮುಗಿಯಿತು. ಬೇಕಾದ ಬಣ್ಣ ಕೊಡುತ್ತದೆ. ಆದರೆ ಅದರ ಮಿದುಳು ಬಲ್ಬಿನೊಳಗೇ ಇರುವುದರಿಂದ ಗೋಡೆಯ ಸ್ವಿಚ್ಚು ಸದಾ ಆನ್ ಇರಬೇಕು. ಸ್ಮಾರ್ಟ್ ಸ್ವಿಚ್ಚಾದರೆ ಮಿದುಳು ಗೋಡೆಯ ಬೋರ್ಡಿನ ಹಿಂದೆ ಕೂರುತ್ತದೆ. ಬಲ್ಬು ಯಾವುದಾದರೂ ನಡೆಯುತ್ತದೆ, ಬಣ್ಣ ಇಲ್ಲ, ಬೋರ್ಡು ಬಿಚ್ಚಬೇಕು. ಕೋಪರಿಯ ಮನೆಯ ಬೋರ್ಡುಗಳನ್ನು ಹೊರಗಿನಿಂದ ನೋಡಿಯೇ ನನಗೆ ಬೆವರು ಬಂದಿತ್ತು. ಕರಿ ಬೇಕಲೈಟಿನ ಸ್ವಿಚ್ಚುಗಳು, ಸುತ್ತ ಸುಣ್ಣ ಬಳಿದು ಬಳಿದು ಗೋಡೆಗೇ ಅಂಟಿಹೋಗಿದ್ದವು. ಮೇಲಾಗಿ ಮನೆಯಲ್ಲಿ ಹಸುಗೂಸು. ಬಲ್ಬೇ ಸರಿ ಎಂದು ನಿರ್ಧರಿಸಿದೆ. ನಿರ್ಧಾರಕ್ಕೆ ತಾಂತ್ರಿಕ ಕಾರಣಗಳನ್ನೂ ಹುಡುಕಿಕೊಂಡೆ: ಮಗು ಅತ್ತರೆ ನೀಲಿ, ಬೆಲ್ಲಾದರೆ ಕೆಂಪು, ಗೊಂದಲಕ್ಕೆ ಆಸ್ಪದವೇ ಇಲ್ಲ.

ನಾಲ್ಕು ಬಲ್ಬು ಹಾಕಿದೆ: ಹಾಲು, ಅಡುಗೆಮನೆ, ಬಚ್ಚಲು, ಬೆಡ್‌ರೂಮು. ಜೋಲಿಯ ಮೇಲಿನ ಗೋಡೆಗೆ ಸದ್ದು ಗ್ರಹಿಸುವ ಪುಟ್ಟ ಸೆನ್ಸರ್. ಇವನ್ನೆಲ್ಲ ಜೋಡಿಸಿ ನಡೆಸುವ ಹಬ್ಬು ಎಂಬ ಪುಟ್ಟ ಪೆಟ್ಟಿಗೆಯನ್ನು ಟಿವಿಯ ಪಕ್ಕ ಇಟ್ಟೆ. ಇಂಟರ್ನೆಟ್ ಸತ್ತರೂ ಮನೆಯೊಳಗೇ ಕೆಲಸ ನಡೆಸುವಂಥದ್ದನ್ನು ಹುಡುಕಿ ತಂದಿದ್ದೆ. ಕರೆಂಟೇ ಹೋದ ಹೊತ್ತಿಗೆ ಮಣಿಕಟ್ಟಿನ ಪಟ್ಟಿ ಇದ್ದೇ ಇತ್ತು. ಮೊಬೈಲಿನಲ್ಲಿ ಕೂಸೊಂದರ ಅಳುವಿನ ರೆಕಾರ್ಡಿಂಗ್ ಹಚ್ಚಿ ಸೆನ್ಸರಿನ ಮುಂದೆ ಹಿಡಿದೆ. ನಾಲ್ಕೂ ಕೋಣೆ ನೀಲಿಯಾಗಿ ಮಿಣುಕಿದವು.

"ನಾಟಕದ ಸ್ಟೇಜ್ ಆಯ್ತಲ್ಲ ಮಾರಾಯ್ರೆ" ಎಂದರು ಅತ್ತೆ.

ಸೊಸೆ ಮೊಬೈಲಿನಲ್ಲಿ ಬರೆದು ತೋರಿಸಿದರು. ನಮ್ಮಿಬ್ಬರ ಮಾತೆಲ್ಲ ಹಾಗೇ, ಅವರು ಬೆರಳಲ್ಲಿ, ನಾನು ಬೆರಳಲ್ಲಿ. ಅವರು ಓದಿದ್ದು ಕಲ್ಯಾಣದ ಮರಾಠಿ ಶಾಲೆಯಲ್ಲಿ. ಅವರು ಬರೆದದ್ದನ್ನು ಇಲ್ಲಿ ಕನ್ನಡ ಮಾಡಿದ್ದೇನೆ. "ಚೆನ್ನಾಗಿದೆ. ನನ್ನ ಅತ್ತೆ ನೀಲಿ ಬಣ್ಣದಲ್ಲಿ ಇನ್ನೂ ಸಿಟ್ಟಾಗಿ ಕಾಣುತ್ತಾರೆ."

ಮರುದಿನ ಬೆಳಿಗ್ಗೆ ನಾನು ಲೋಕಲ್ ರೈಲಿನಲ್ಲಿ ನೇತಾಡುತ್ತಿದ್ದಾಗ ಮೆಸೇಜು ಬಂತು: "ಬೆಡ್‌ರೂಮಿನ ಬಲ್ಬಿಗೆ ಹುಚ್ಚು ಹಿಡಿದಿದೆ. ಸುಮ್ಮನೆ ಪಟಪಟ ಹೊಡೆದುಕೊಳ್ಳುತ್ತಿದೆ." ಹೋಗಿ ನೋಡಿದರೆ ಅದು ಹಬ್ಬಿನೊಂದಿಗಿನ ನಂಟನ್ನೇ ಕಡಿದುಕೊಂಡು, ಅಂಗಡಿಯಿಂದ ಆಗ ತಾನೇ ಬಂದ ಹೊಸ ಬಲ್ಬಿನಂತೆ, ಯಾರಾದರೂ ನನ್ನನ್ನು ಸೇರಿಸಿಕೊಳ್ಳಿ ಎಂದು ಮಿಣುಕುತ್ತಿತ್ತು. ಮತ್ತೆ ಜೋಡಿಸಿದೆ. ಸಂಜೆ ಹಾಲಿನ ಬಲ್ಬು ಅದೇ ರೋಗಕ್ಕೆ ಬಿತ್ತು. ಮಾರನೆ ದಿನ ಎರಡೂ. ವೋಲ್ಟೇಜ್ ಅಳೆದೆ, ಸರಿಯಿತ್ತು. ರೂಟರ್ ಸರಿಸಿ ಇಟ್ಟೆ. ಹೋಲ್ಡರ್ ಬದಲಾಯಿಸಿದೆ. ಬಲ್ಬುಗಳನ್ನು ಅದಲುಬದಲು ಮಾಡಿದೆ. ಯಾವ ಬಲ್ಬು ಹಾಕಿದರೂ ಆ ಎರಡು ಜಾಗದಲ್ಲೇ ನೆನಪು ಕಳೆದುಕೊಳ್ಳುತ್ತಿತ್ತು. ಅಡುಗೆಮನೆಯದು, ಬಚ್ಚಲಿನದು ಮಾತ್ರ ಆರಾಮಾಗಿದ್ದವು.

ಅತ್ತೆಯ ಗಾಡಿಗೆ ಉಳಿದದ್ದು ಒಂದು ವಾರ. ಮನೆಗೆ ಬಂದರೆ ಹೆಂಡತಿ ಕೇಳಿದಳು, "ಮುಖಾ ಯಾಕ ಹಿಂಗ ಆಗೇದ? ಕಣ್ಣಿನ ಬಲ್ಬೂ ಹೋದ್ವೇನು?"

"ಅಲ್ಲೇ, ಆ ಕೂಸು ಅತ್ತು, ಬಲ್ಬು ಹತ್ತಲಿಲ್ಲಂದ್ರ..."

"ಹಂಗಿದ್ರ ಇಲ್ಲಿ ಕೂತು ಚಿಂತಿ ಮಾಡೂದ್ಯಾಕ? ಅಲ್ಲೇ ಹೋಗಿ ಕೂತು ಮಾಡ್ರಿ."

ಮರುದಿನ ಹಾಗೇ ಮಾಡಿದೆ. ಹಾಲಿನ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಲ್ಯಾಪ್‌ಟಾಪ್ ತೆರೆದುಕೊಂಡು, ಏನೋ ಭಾರೀ ಲೆಕ್ಕ ಹಾಕುವವನಂತೆ ಕೂತೆ. ಮೊದಲ ಒಂದು ಗಂಟೆಯಲ್ಲಿ ಸಿಕ್ಕಿದ್ದು ಬೇರೆಯೇ ಕಳ್ಳ. ಕಿಟಕಿಯಾಚೆ ಲೋಕಲ್ಲೊಂದು ಹಾರ್ನು ಹೊಡೆಯಿತು, ಅಡುಗೆಮನೆ ನೀಲಿಯಾಯಿತು. ರೈಲನ್ನು ಸೆನ್ಸರ್ ಕೂಸೆಂದುಕೊಂಡಿತ್ತು. ರೈಲಿನ ಹಾರ್ನು ಕೂಗಿ ನಿಲ್ಲುತ್ತದೆ, ಕೂಸು ನಿಲ್ಲುವುದಿಲ್ಲ. ಹಾಗಾಗಿ ಸದ್ದು ಕೆಲವು ಸೆಕೆಂಡು ಬಿಡದೆ ಮುಂದುವರಿದರೆ ಮಾತ್ರ ಎಣಿಸು ಎಂದು ಅದಕ್ಕೆ ಹೇಳಿಕೊಟ್ಟೆ. ಅದನ್ನು ಜೋಲಿಗೆ ಇನ್ನೂ ಹತ್ತಿರ ಇಳಿಸಿದೆ. ಮುಂದಿನ ಹಾರ್ನಿಗೆ ಮನೆ ತೆಪ್ಪಗಿತ್ತು.

ಆಮೇಲೆ ನೋಡಿದೆ. ಸೊಸೆ ಬೆಡ್‌ರೂಮಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಬಟ್ಟೆ ಮಡಚುತ್ತಿದ್ದರು. ಅಡುಗೆಮನೆಯಿಂದ ಅತ್ತೆ ಬಂದರು, ಕೈಯಲ್ಲಿ ಸೌಟು. ಒಳಗೆ ಹೋಗಲಿಲ್ಲ. ಬಾಗಿಲ ಚೌಕಟ್ಟಿನಿಂದ ಎಡಗೈ ಮಾತ್ರ ಒಳಗೆ ಹಾಕಿ, ನೋಡದೆಯೇ, ಗೋಡೆಯ ಸ್ವಿಚ್ಚನ್ನು ಟಕಟಕ ಟಕಟಕ ಮೇಲೆ ಕೆಳಗೆ ಮಾಡಿದರು. ಸೊಸೆ ತಿರುಗಿದರು. ಅತ್ತೆ ಸೌಟಿನ ತುದಿಯನ್ನು ನಾಲಗೆಗೆ ತಾಗಿಸಿ ಹುಬ್ಬು ಏರಿಸಿದರು. ಸೊಸೆ ಬಂದು ಸಾರಿನ ರುಚಿ ನೋಡಿ, ಎರಡು ಬೆರಳಿಂದ ಉಪ್ಪಿನ ಸನ್ನೆ ಮಾಡಿ, ಮರಳಿ ಹೋದರು. ಅಷ್ಟರಲ್ಲಿ ಅವರ ತಲೆಯ ಮೇಲೆ ಬಲ್ಬು ಪಟಪಟ ಹೊಡೆದುಕೊಳ್ಳಲು ಶುರು ಮಾಡಿತ್ತು.

ಸ್ಮಾರ್ಟ್ ಬಲ್ಬಿಗೆ ಬೇರೆ ಗುಂಡಿ ಇರುವುದಿಲ್ಲ. ಅದನ್ನು ಹೊಸದಾಗಿಸಬೇಕಾದರೆ ಕರೆಂಟನ್ನು ನಾಲ್ಕೈದು ಸಲ ಬೇಗಬೇಗ ಕೊಟ್ಟು ತೆಗೆಯಬೇಕು. ಸಾಮಾನ್ಯ ಮನೆಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ ಎಂಬ ಧೈರ್ಯದಿಂದ ಅದನ್ನು ಮಾಡಿದವರು ಹಾಗಿಟ್ಟಿದ್ದಾರೆ. ಈ ಮನೆಯಲ್ಲಿ ಅದು ದಿನಕ್ಕೆ ಎಷ್ಟು ಸಲವೋ. ಕಿವಿ ಕೇಳದವರನ್ನು ಹಿಂದಿನಿಂದ ಕರೆಯುವುದು ಹೇಗೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಅವರು ದೀಪ ಆಡಿಸಿ ಕರೆಯುತ್ತಾರೆ. ಆ ದಿನ ಪೂರ್ತಿ ನೋಡಿದೆ. ಅತ್ತೆಯದು ಬಿರುಸಾದ ಟಕಟಕ. ಸಂಜೆ ಅವರ ಮಗ ಕೆಲಸದಿಂದ ಬಂದವರು ಚಪ್ಪಲಿ ಬಿಡುವ ಮೊದಲು ಹಾಲಿನ ಸ್ವಿಚ್ಚನ್ನು ನಿಧಾನ ಎರಡು ಸಲ ಒತ್ತಿದರು; ಒಳಗಿದ್ದ ಹೆಂಡತಿ ತಿರುಗಿ ನೋಡದೆಯೇ ಚಹಾದ ಪಾತ್ರೆ ಒಲೆಗೆ ಇಟ್ಟರು.

ಕಾರಣ ಸಿಕ್ಕಿದ ಖುಷಿಯಲ್ಲಿ ನಾನು ಮಾಡಿದ ಕೆಲಸ ಹೇಳಿಕೊಳ್ಳುವಂಥದ್ದಲ್ಲ. ಚೀಲದಿಂದ ಟೇಪು ತೆಗೆದು, ಎಲ್ಲ ಸ್ವಿಚ್ಚುಗಳನ್ನೂ ಆನ್ ಮಾಡಿ, ಅವುಗಳ ಮೇಲೆ ಅಡ್ಡಡ್ಡ ಅಂಟಿಸಿದೆ. ಇನ್ನು ಮುಂದೆ ಇವನ್ನು ಮುಟ್ಟಬಾರದು ಎಂದು ವಿವರಿಸಿದೆ.

"ಮುಟ್ಟಬಾರ್ದಾ?" ಅತ್ತೆ ಟೇಪನ್ನೂ ನನ್ನನ್ನೂ ನೋಡಿದರು. "ಹಾಗಾದ್ರೆ ಇವಳನ್ನು ಕರೆಯುದು ಹೇಗೆ? ದೂರದಿಂದ ಆಲೂಗಡ್ಡೆ ಬಿಸಾಡುದಾ?"

"ಹತ್ತಿರ ಹೋಗಿ ಭುಜ ಮುಟ್ಟಿದ್ರ ಆತಲ್ರಿ ಅಮ್ಮಾ."

"ಹಿಂದಿನಿಂದ ಹೋಗಿ ಮುಟ್ಟಿದ್ರೆ ಹೆದರ್ತಾಳೆ. ಕೈಯಲ್ಲಿ ಮಗು ಇರ್ತದೆ, ಬಿಸಿ ಪಾತ್ರೆ ಇರ್ತದೆ. ನಿಮ್ಮನ್ನು ಯಾರಾದ್ರೂ ಹಿಂದಿನಿಂದ ಬಂದು ಮುಟ್ಟಿದ್ರೆ?"

ನನ್ನನ್ನು ಮುಂದಿನಿಂದ ಬಂದು ಮುಟ್ಟಿದರೂ ನಾನು ಹೆದರುತ್ತೇನೆ. ಅಷ್ಟು ಹೊತ್ತೂ ಸೊಸೆ ಸ್ವಿಚ್ಚಿನ ಮೇಲಿನ ಟೇಪನ್ನು ಉಗುರಿನಿಂದ ಎಬ್ಬಿಸುತ್ತಿದ್ದರು. ಎಬ್ಬಿಸಿ, ಅದರ ತುಂಡನ್ನು ತಮ್ಮ ಬಾಯಿಯ ಮೇಲೆ ಅಡ್ಡ ಅಂಟಿಸಿಕೊಂಡು ನನ್ನ ಕಡೆ ನೋಡಿದರು. ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ಸೊಸೆ ನಗಲಿಲ್ಲ. ಟೇಪು ತೆಗೆದು ಬರೆದರು: "ಮೂರು ತಿಂಗಳು ನಾವಿಬ್ಬರೇ ಇರುತ್ತೇವೆ. ನನ್ನ ಗಂಡ ನನ್ನನ್ನು ಕರೆಯಬೇಕು, ನಾನು ಅವರನ್ನು ಕರೆಯಬೇಕು. ಅದನ್ನು ಕಿತ್ತುಕೊಂಡು ಮಗುವಿನದನ್ನು ಮಾತ್ರ ಕೊಟ್ಟರೆ ಹೇಗೆ?"

ಡೊಂಬಿವಿಲಿಗೆ ಹೋಗುವ ಗಾಡಿಯಲ್ಲಿ ಎಂದೂ ಸಿಗದ ಸೀಟು ಸಿಕ್ಕಿತ್ತು, ಅದೇ ಒಂದು ಅಪಶಕುನದಂತಿತ್ತು. ಯಾರೂ ಸ್ವಿಚ್ಚು ಮುಟ್ಟದಿದ್ದರೆ ಮಾತ್ರ ಬಲ್ಬು ಬದುಕುತ್ತದೆ. ಸ್ವಿಚ್ಚು ಮುಟ್ಟದೆ ಆ ಮನೆ ಬದುಕುವುದಿಲ್ಲ. ಉಳಿದದ್ದು ಐದು ದಿನ. ಪೂರ್ತಿ ಬಿಟ್ಟುಬಿಡಿ ಎಂದು ಹೇಳಿ ಬಲ್ಬಿನ ಹಣ ಮರಳಿಸಿ ಪಾರಾಗುವ ದಾರಿಯೂ ಇತ್ತು. ಮುಂಬ್ರಾ ಸ್ಟೇಷನ್ ದಾಟುವವರೆಗೂ ಅದರ ಬಗ್ಗೆಯೇ ಬಹಳ ಪ್ರಾಮಾಣಿಕವಾಗಿ ಯೋಚಿಸಿದೆ. ದಿವಾ ಬರುವ ಹೊತ್ತಿಗೆ ಸೊಸೆಗೆ ಮೆಸೇಜು ಬರೆದೆ: "ಬಣ್ಣ ಇರುವುದಿಲ್ಲ. ಬರೀ ಹತ್ತುವುದು, ಆರುವುದು. ನಡೆಯುತ್ತದೆಯೇ?"

ಉತ್ತರ ತಕ್ಷಣ ಬಂತು. "ನಾವು ಇಷ್ಟು ವರ್ಷ ಮಾತಾಡಿದ್ದು ಅದರಲ್ಲೇ."

ಮರುದಿನ ಬಲ್ಬುಗಳನ್ನು ಬಿಚ್ಚಿ ಹಳೆಯವನ್ನೇ ಹಾಕಿ, ಬೋರ್ಡಿಗೆ ಕೈ ಹಾಕಿದೆ. ನನಗೆ ಬೇಕಿದ್ದದ್ದು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ರಿಲೇ. ಅದು ಬೋರ್ಡಿನ ಹಿಂದೆ ಕೂರುತ್ತದೆ. ಗೋಡೆಯ ಸ್ವಿಚ್ಚು ಹಾಗೇ ಇರುತ್ತದೆ. ಅದನ್ನು ಒತ್ತಿದರೆ ರಿಲೇ ದೀಪ ಆಡಿಸುತ್ತದೆ, ಹಬ್ಬು ಹೇಳಿದರೂ ಅದೇ ರಿಲೇ ಆಡಿಸುತ್ತದೆ. ಅತ್ತೆಯ ಟಕಟಕವೂ ಉಳಿಯಿತು, ಕೂಸಿನ ಅಳುವೂ ತಲುಪಿತು. ಹಾಗೆಂದುಕೊಂಡು ಹಾಲಿನಲ್ಲಿ ಮೊದಲನೆಯದನ್ನು ಕೂರಿಸಿ, ಅತ್ತೆಗೆ "ಕರೀರಿ ನೋಡೋಣ" ಎಂದೆ. ಟಕಟಕ ಟಕಟಕ. ರಿಲೇ ನೆನಪು ಕಳೆದುಕೊಂಡಿತು. ಅದಕ್ಕೂ ಅದೇ ರೋಗ. ಸ್ವಿಚ್ಚನ್ನು ಬೇಗಬೇಗ ಒತ್ತಿದರೆ ಹೊಸದಾಗುವಂತೆ ಅದನ್ನೂ ಮಾಡಿದ್ದರು.

"ನಿಮ್ಮ ಸಾಮಾನಿಗೆಲ್ಲ ನನ್ನ ಕೈ ಕಂಡ್ರೆ ಆಗುದಿಲ್ಲ" ಎಂದರು ಅತ್ತೆ.

ಕಲ್ಯಾಣದ ಪರಿಚಯದ ಅಂಗಡಿಯವನನ್ನು ಕಾಡಿ, ಮೈಮೇಲಿನ ಗುಂಡಿ ಒತ್ತಿದರೆ ಮಾತ್ರ ಹೊಸದಾಗುವ ಬೇರೆ ಜಾತಿಯ ರಿಲೇ ತರಿಸಿದೆ. ಅದಕ್ಕೆ ಎರಡು ದಿನ ಹೋಯಿತು. ಹಾಲು, ಅಡುಗೆಮನೆ, ಬಚ್ಚಲಿನ ಬೋರ್ಡುಗಳಲ್ಲಿ ಕೆಲಸ ಸಲೀಸಾಗಿ ಮುಗಿಯಿತು. ಆ ಬೋರ್ಡುಗಳಲ್ಲಿ ಪ್ಲಗ್ಗಿನ ಸಾಕೆಟ್ಟು ಇದ್ದುದರಿಂದ ನ್ಯೂಟ್ರಲ್, ಅಂದರೆ ಕರೆಂಟು ಮರಳಿ ಹೋಗುವ ವೈರು, ಬಂದಿತ್ತು. ರಿಲೇಗೆ ತಾನು ಬದುಕಿರಲು ನ್ಯೂಟ್ರಲ್ ಬೇಕು. ಬೆಡ್‌ರೂಮಿನ ಬೋರ್ಡಿನಲ್ಲಿ ಸಾಕೆಟ್ಟು ಇರಲಿಲ್ಲ. ಬಿಚ್ಚಿ ನೋಡಿದರೆ ಎರಡೇ ವೈರು: ಒಂದು ಬರುವುದು, ಒಂದು ದೀಪಕ್ಕೆ ಹೋಗುವುದು. ನ್ಯೂಟ್ರಲ್ ಬೋರ್ಡಿಗೆ ಇಳಿಯದೆ ಸೀಲಿಂಗಿನ ಬದಿಯಿಂದಲೇ ನೇರ ದೀಪಕ್ಕೆ ಹೋಗಿತ್ತು.

ನ್ಯೂಟ್ರಲ್ ಇಲ್ಲದೆ ನಡೆಯುವ ರಿಲೇಗಳೂ ಇವೆ. ಅವು ದೀಪದ ಮೂಲಕವೇ ಚೂರು ಕರೆಂಟು ಕದ್ದು ಕುಡಿದು ಬದುಕುತ್ತವೆ. ಗೋಡೆ ಕೊರೆಯುವುದು ತಪ್ಪಿತೆಂದು ಅಂಥದ್ದೊಂದನ್ನು ಹಾಕಿ ಊಟಕ್ಕೆ ಹೋದೆ. ಮರಳಿ ಬಂದಾಗ ಸೊಸೆ ಬಾಗಿಲಲ್ಲೇ ಮೊಬೈಲು ಹಿಡಿದು ನಿಂತಿದ್ದರು: "ಬೆಡ್‌ರೂಮಿನಲ್ಲಿ ಯಾರೋ ನನ್ನನ್ನು ಕರೆಯುತ್ತಲೇ ಇದ್ದಾರೆ." ಒಳಗೆ ನೋಡಿದೆ. ಆರಿಸಿದ ಎಲ್‌ಇಡಿ ಬಲ್ಬು ಆ ಕದ್ದ ಕರೆಂಟಿಗೆ ಆಗಾಗ ಮಂಕಾಗಿ ಮಿಣುಕ್, ಮಿಣುಕ್ ಅನ್ನುತ್ತಿತ್ತು. ಬೇರೆ ಮನೆಯವರಿಗೆ ಇದು ಕಣ್ಣಿಗೂ ಬೀಳುವುದಿಲ್ಲ. ಇವರು ನಾನು ಊಟ ಮುಗಿಸುವಷ್ಟರಲ್ಲಿ ಹಲವು ಸಲ ಒಲೆ ಬಿಟ್ಟು ಓಡಿ ಹೋಗಿ, ಮಲಗಿದ್ದ ಮಗುವನ್ನು ನೋಡಿ ಬಂದಿದ್ದರು. ನಾನು ಕ್ಷಮೆ ಕೇಳಲು ಬರೆಯುತ್ತಿದ್ದಂತೆ ಅವರೇ ಬರೆದರು: "ಸುಳ್ಳು ಕರೆ ಅಭ್ಯಾಸವಾದರೆ ನಿಜದ ಕರೆಗೆ ಹೋಗುವುದಿಲ್ಲ. ಇದನ್ನು ತೆಗೆಯಿರಿ."

ಹಾಗಾಗಿ, ಅತ್ತೆ ಹೊರಡುವ ಹಿಂದಿನ ದಿನ, ನಾನು ಯಾವುದಕ್ಕೆ ಹೆದರಿ ಬಲ್ಬನ್ನು ಆರಿಸಿಕೊಂಡಿದ್ದೆನೋ ಅದನ್ನೇ ಮಾಡಿದೆ. ಹಾಲಿನ ಬೋರ್ಡಿನಿಂದ ಬೆಡ್‌ರೂಮಿಗೆ ನ್ಯೂಟ್ರಲ್ ಎಳೆಯಬೇಕು. ಗೋಡೆಯೊಳಗಿನ ಪೈಪಿನಲ್ಲಿ ವೈರು ಎಳೆಯುವ ಸ್ಪ್ರಿಂಗು ತೂರಿಸಿದೆ, ಅರ್ಧಕ್ಕೆ ಸಿಕ್ಕಿಕೊಂಡಿತು. ಹಿಂದಕ್ಕೆ ಎಳೆದರೆ ಸಿಮೆಂಟಿನ ಪುಡಿ ಬಂತು. ಇನ್ನುಳಿದದ್ದು ಗೋಡೆಯ ಮೇಲೆ ಪ್ಲಾಸ್ಟಿಕ್ ಪಟ್ಟಿ ಹೊಡೆದು, ಬಾಗಿಲ ಮೇಲಿನ ಗೋಡೆಗೆ ಒಂದು ತೂತು. ಎರಡೂ ಕೋಣೆ ಮೇನ್ ಬೋರ್ಡಿನ ಒಂದೇ ಎಂಸಿಬಿ ಸ್ವಿಚ್ಚಿನ ಕೆಳಗಿವೆ ಎಂದು ಮೀಟರು ಹಚ್ಚಿ ನೋಡಿದೆ, ನೀರು ಕುಡಿದು ಬಂದು ಮತ್ತೊಮ್ಮೆ ನೋಡಿದೆ. ಬೇರೆ ಲೈನಿನ ನ್ಯೂಟ್ರಲ್ ಜೋಡಿಸಿ ಏನಾಗುತ್ತದೆ ಎಂಬುದನ್ನು ಆ ಮನೆಯಲ್ಲಿ ಕಲಿಯುವ ಮನಸ್ಸಿರಲಿಲ್ಲ. ಧೂಳು ತಾಗದಿರಲೆಂದು ಕೂಸನ್ನು ಎತ್ತಿಕೊಂಡು ಸೊಸೆ ಸ್ಟೇಷನ್ ಕಡೆ ಹೋದರು. ನಾನು ಡ್ರಿಲ್ಲಿಗೆ ಒದ್ದೆ ಬಟ್ಟೆ ಸುತ್ತಿ ಕೊರೆದೆ. ಅತ್ತೆ ಸ್ಟೂಲು ಹಿಡಿದುಕೊಂಡಿದ್ದರು.

"ನಡುಗುದು ಡ್ರಿಲ್ಲಾ, ನೀವಾ?" ಎಂದರು ಕೆಳಗಿನಿಂದ.

"ಇಬ್ಬರೂ ಅಮ್ಮಾ."

"ಬಿದ್ರೆ ಹೇಳಿ ಬೀಳಿ. ನಂಗೆ ನಾಳೆ ಗಾಡಿ ಉಂಟು."

ಸಂಜೆಗೆ ನಾಲ್ಕು ದೀಪವೂ ಸಿದ್ಧವಾದವು. ಯಾವ ಸುದ್ದಿಗೆ ಯಾವ ತಾಳ ಎಂದು ನಿರ್ಧರಿಸಿದ್ದು ಸೊಸೆ. ಬೆಲ್ಲಿಗೆ ಉದ್ದ ಎರಡು. ಮಗುವಿಗೆ ನಿಧಾನ ಹತ್ತಿ ಆರುತ್ತಲೇ ಇರುವುದು, ಅಳು ನಿಂತರೆ ತಾನೂ ನಿಲ್ಲುವುದು. ಗಂಡನದು, ಅತ್ತೆಯದು ಅವರವರ ಕೈಯಲ್ಲೇ. ಮಗುವಿನ ಕರೆಗೆ ನಾಲ್ಕೂ ಕೋಣೆ ಆಡಬೇಕು ಎಂದು ಹಟ ಹಿಡಿದದ್ದು ನಾನು. ಅವರು ಬೆಡ್‌ರೂಮಿನಲ್ಲೇ ಇದ್ದು ಕಿಟಕಿಯ ಕಡೆ ಮುಖ ಮಾಡಿದ್ದರೆ? ಒಂದು ಕೋಣೆ ಬಿಟ್ಟರೂ ನನಗೆ ನಿದ್ದೆ ಬರುತ್ತಿರಲಿಲ್ಲ.

ರೆಕಾರ್ಡಿಂಗ್ ಹಚ್ಚಿ ಮತ್ತೆ ಮತ್ತೆ ಪರೀಕ್ಷಿಸಿದೆವು. ಒಮ್ಮೆಯೂ ತಪ್ಪಲಿಲ್ಲ. ನಿಜವಾದ ಅಳುವಿನ ಪರೀಕ್ಷೆ ಮಾತ್ರ ಆಗಲೇ ಇಲ್ಲ. ಮಗು ಬಾಯಿ ತೆರೆದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅತ್ತೆ ಅಲ್ಲಿರುತ್ತಿದ್ದರು. "ಬಿಡ್ರಿ ಅಮ್ಮಾ, ಸ್ವಲ್ಪ ಅಳಲಿ, ನೋಡೋಣ" ಎಂದರೆ, "ನಿಮ್ಮ ಯಂತ್ರಕ್ಕೆ ಬೇಕು ಅಂತ ಮಗುವನ್ನು ಅಳಿಸುದಾ?" ಎಂದು ಎತ್ತಿಕೊಂಡೇಬಿಡುತ್ತಿದ್ದರು. ಆ ಕಿವಿಗಳು ನನ್ನ ಸೆನ್ಸರಿಗೆ ಒಂದು ಅವಕಾಶವನ್ನೂ ಕೊಡಲಿಲ್ಲ.

ಮರುದಿನ ರಾತ್ರಿ ಗಾಡಿಗೆ ಹೊರಡುವಾಗ ಅವರು ಜೋಲಿಯ ಪಕ್ಕದ ಗೋಡೆಯಲ್ಲಿದ್ದ ಸೆನ್ಸರಿನ ಮುಂದೆ ನಿಂತರು. ಅದನ್ನು ಬೆರಳಿನಿಂದ ಒಮ್ಮೆ ತಟ್ಟಿದರು. ನನ್ನ ಕಡೆ ತಿರುಗಿ, "ನಾಳೆ ಇಲ್ಲಿ ಇರ್ತೀರಲ್ಲ?" ಎಂದು ಮಾತ್ರ ಕೇಳಿದರು. ಅಷ್ಟು ದಿನಗಳಲ್ಲಿ ತಮಾಷೆಯಿಲ್ಲದೆ ಅವರು ಆಡಿದ ಕೆಲವೇ ಮಾತುಗಳಲ್ಲಿ ಅದೊಂದು.

ಮರುದಿನ ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದರು. ನಾನು ಗೋಡೆಯ ಪ್ಲಾಸ್ಟಿಕ್ ಪಟ್ಟಿಯ ಮೊಳೆ ಸರಿ ಮಾಡುವ ನೆಪದಲ್ಲಿ ಹಾಲಿನಲ್ಲಿ ಕೂತೆ. ಸೊಸೆಗೆ ನನ್ನ ನೆಪ ಗೊತ್ತಿತ್ತು. ಚಹಾ ಕೊಟ್ಟು ಸುಮ್ಮನೆ ಅಡುಗೆಮನೆಗೆ ಹೋದರು. ಮಣಿಕಟ್ಟಿನ ಪಟ್ಟಿಯನ್ನು ಬೇಕೆಂದೇ ತೆಗೆದು ಕಿಟಕಿಯಲ್ಲಿಟ್ಟಿದ್ದರು. ಮನೆಯಲ್ಲಿ ಫ್ಯಾನಿನ ಸದ್ದು, ಆಚೆ ರೈಲು. ಮಗು ಮಲಗಿತ್ತು. ಅದು ಏಳಬಾರದು ಎಂದೂ ಏಳಬೇಕು ಎಂದೂ ಒಟ್ಟೊಟ್ಟಿಗೆ ಬೇಡಿಕೊಳ್ಳುತ್ತಿದ್ದೆ.

ಎದ್ದಿತು. ಮೊದಲು ಕುಂಯ್ ಎಂದಿತು, ಆಮೇಲೆ ಗಂಟಲು ಬಿಚ್ಚಿತು. ಏಳದಿರಲು ನಾನು ಕುರ್ಚಿಯ ಕೈಗಳನ್ನು ಹಿಡಿದುಕೊಂಡಿದ್ದೆ. ಆ ಕೆಲವು ಸೆಕೆಂಡು ಎಷ್ಟು ಉದ್ದವೆಂದು ಅವನ್ನು ಸೆನ್ಸರಿಗೆ ಹೇಳಿಕೊಟ್ಟಾಗ ತಿಳಿದಿರಲಿಲ್ಲ. ನನ್ನ ತಲೆಯ ಮೇಲಿನ ದೀಪ ಆರಿತು, ಹತ್ತಿತು, ಆರಿತು, ಹತ್ತಿತು. ಅಡುಗೆಮನೆಯದೂ. ಉಸಿರು ಬಿಡುವಷ್ಟರಲ್ಲಿ ನಿಂತುಹೋಯಿತು. ಎರಡೇ ಸಲ ಆಡಿ ದೀಪಗಳು ಸುಮ್ಮನಾದವು. ಎರಡು ಎಂದರೆ ಬೆಲ್ಲು.

ಅಡುಗೆಮನೆಯಿಂದ ಸೊಸೆ ಬಂದರು, ನನ್ನನ್ನು ನೋಡಿದರು, ಬಾಗಿಲ ಕಡೆ ಬೆರಳು ಮಾಡಿದರು. ನಾನು ಇಲ್ಲ ಎಂದು ತಲೆಯಾಡಿಸುವಷ್ಟರಲ್ಲಿ ಒಳಗೆ ಮತ್ತೆ ಅಳು. ಮತ್ತೆ ದೀಪ ಆರಿತು, ಹತ್ತಿತು, ಆರಿತು, ಹತ್ತಿತು. ನಿಂತಿತು. ಗಾಬರಿಯಲ್ಲಿ ನನ್ನ ಕಣ್ಣು ದೀಪದ ಮೇಲೇ ಇತ್ತು, ಅಳುವಿನ ಕಡೆ ಕಿವಿಯೇ ಇರಲಿಲ್ಲ. ರಿಲೇ ಸಿಕ್ಕಿಕೊಳ್ಳುತ್ತಿದೆ, ಇಲ್ಲವೇ ಬೆಡ್‌ರೂಮಿಗೆ ಎಳೆದ ನ್ಯೂಟ್ರಲ್ ಸಡಿಲ, ಇಲ್ಲವೇ ಹಬ್ಬು ಬಿಸಿಯಾಗಿದೆ. ಅತ್ತೆಯ ಗಾಡಿ ಇಷ್ಟು ಹೊತ್ತಿಗೆ ರತ್ನಾಗಿರಿಯನ್ನೂ ದಾಟಿ ಎಲ್ಲೋ ಹೋಗಿರುತ್ತದೆ. ಇಬ್ಬರೂ ಬೆಡ್‌ರೂಮಿನ ಬಾಗಿಲಿಗೆ ಓಡಿದೆವು. ಚೌಕಟ್ಟಿನ ಹತ್ತಿರ ಸೊಸೆ ಕೈ ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದರು.

ಜೋಲಿಯಲ್ಲಿ ಮಗು ಮತ್ತೆ ಬಾಯಿ ತೆರೆದಿತ್ತು. ಮುಖ ಕೆಂಪಾಗಿತ್ತು, ಕೆನ್ನೆಯಲ್ಲಿ ನೀರು. ಮೇಲಿನ ಬಲ್ಬು ಆರಿತು, ಹತ್ತಿತು. ಅಳು ಅಲ್ಲಿಗೇ ತುಂಡಾಯಿತು. ಕೂಸು ಕಣ್ಣರಳಿಸಿ ಬಲ್ಬನ್ನೇ ನೋಡುತ್ತಾ, ಜೊಲ್ಲು ಸುರಿಸುತ್ತಾ, ಕಾಲು ಝಾಡಿಸಿತು. ಸದ್ದು ನಿಂತದ್ದರಿಂದ ಸೆನ್ಸರು ದೀಪ ಆಡಿಸುವುದನ್ನು ನಿಲ್ಲಿಸಿತು. ದೀಪ ಆಡುವುದು ನಿಂತದ್ದರಿಂದ ಕೂಸು ಸ್ವಲ್ಪ ಕಾದು ನೋಡಿ, ಹಸಿವು ನೆನಪಾಗಿ, ಮತ್ತೆ ಶುರು ಮಾಡಿತು.

ಸೊಸೆ ಒಂದು ಸುತ್ತು ಪೂರ್ತಿ ನೋಡಿದರು. ಆಮೇಲೆ ಮಗುವನ್ನು ಎತ್ತಿಕೊಂಡು, ಒಂದೇ ಕೈಯಲ್ಲಿ ಬರೆದು ನನ್ನ ಮುಖದ ಮುಂದೆ ಹಿಡಿದರು: "ಈ ಕೋಣೆಯದು ಬೇಡ. ಇವನು ನನ್ನನ್ನು ಕರೆಯುವುದು ಬಿಟ್ಟು ದೀಪ ನೋಡುತ್ತಾ ಕೂರುತ್ತಾನೆ."

ಹಾಲಿಗೆ ಹೋಗಿ ಲ್ಯಾಪ್‌ಟಾಪ್ ತೆರೆದು, ಮಗುವಿನ ಕರೆಯಿಂದ ಬೆಡ್‌ರೂಮಿನ ದೀಪವನ್ನು ತೆಗೆದುಹಾಕಿದೆ.